ಹಳೆ ಮಾರುತಿ 800 ಸ್ಲೋನಲ್ಲಿ ನಿಲ್ಲುತ್ತಿಲ್ಲವೇ? ಮೊದಲು ಏರ್ ಲೀಕ್ ಹುಡುಕಿ

ಸಿಗ್ನಲ್‌ನಲ್ಲಿ ನಿಂತರೆ ಗಡಗಡ ನಡುಗಿ ಆಫ್ ಆಗುತ್ತದೆ, ಹೈವೇಗೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಇರುವ ಹಳೆ 800ರಲ್ಲಿ ಹೀಗಾದಾಗ ಹೆಚ್ಚಿನವರ ಕೈ ಹೋಗುವುದು ಸ್ಲೋ ಸ್ಪೀಡ್ ಸ್ಕ್ರೂಗೆ, ಅಂದರೆ ಆಕ್ಸಲರೇಟರ್ ಒತ್ತದಿದ್ದಾಗ ಎಂಜಿನ್ ಓಡುವ ವೇಗ ಹೊಂದಿಸುವ ಸ್ಕ್ರೂಗೆ. ಎಡವುವುದು ಅಲ್ಲೇ. ರೇಸ್ ಏರಿಸಿದರೆ ಗಾಡಿ ಆಫ್ ಆಗುವುದು ನಿಲ್ಲಬಹುದು. ಲೀಕ್ ಇದ್ದಲ್ಲೇ ಇರುತ್ತದೆ, ಮೈಲೇಜ್ ಮಾತ್ರ ಇಳಿಯುತ್ತದೆ.

ಥ್ರಾಟಲ್ (ಆಕ್ಸಲರೇಟರ್ ಒತ್ತಿದರೆ ತೆರೆಯುವ ಗಾಳಿಯ ಬಾಗಿಲು) ಮುಚ್ಚಿದಾಗ ಈ 796 ಸಿಸಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಅಲ್ಪ. ಹೋಸ್ ಅಥವಾ ಪ್ಯಾಕಿಂಗ್‌ನ ಬಿರುಕಿನಿಂದ ಇನ್ನಷ್ಟು ನುಗ್ಗಿದರೆ ಪೆಟ್ರೋಲ್ ಸಾಲದೆ ಮಿಸ್ಸಿಂಗ್ ಶುರುವಾಗುತ್ತದೆ. ಆಕ್ಸಲರೇಟರ್ ಒತ್ತಿದ ಮೇಲೆ ಆ ಸಣ್ಣ ಲೀಕ್ ಲೆಕ್ಕಕ್ಕೇ ಬರುವುದಿಲ್ಲ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಚೋಕ್ ಅರ್ಧ ಇಂಚು ಎಳೆದು ನೋಡಿ. ನಡುಕ ತಗ್ಗಿದರೆ ಗಾಳಿ ಹೆಚ್ಚಾಗಿದೆ, ಇಲ್ಲವೇ ಸ್ಲೋ ಜೆಟ್ (ಸ್ಲೋನಲ್ಲಿ ಪೆಟ್ರೋಲ್ ಬಿಡುವ ಸಣ್ಣ ರಂಧ್ರ) ಕಟ್ಟಿದೆ. ಕಪ್ಪು ಹೊಗೆ ಬಂದು ನಡುಕ ಹೆಚ್ಚಾದರೆ ಕಾಯಿಲೆ ಬೇರೆ. ಪ್ಲಗ್, ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ನೋಡಿ.

ವ್ಯಾಕ್ಯೂಮ್ ಗೇಜ್ ಇದ್ದರೆ ಮ್ಯಾನಿಫೋಲ್ಡ್‌ನಿಂದ (ಕಾರ್ಬೊರೇಟರ್‌ನಿಂದ ಎಂಜಿನ್ ಹೆಡ್‌ಗೆ ಮಿಶ್ರಣ ಒಯ್ಯುವ ಭಾಗ) ಹೊರಡುವ ಹೋಸ್‌ಗೆ ಟಿ ಆಕಾರದ ಜಾಯಿಂಟ್ ಹಾಕಿ ಜೋಡಿಸಿ. ಸಮುದ್ರಮಟ್ಟದಲ್ಲಿ ಒಳ್ಳೆಯ ಎಂಜಿನ್ 17ರಿಂದ 21 ಇಂಚು (ಪಾದರಸದ ಅಳತೆ) ತೋರಿಸುತ್ತದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು 1 ಇಂಚು ಕಳೆಯಿರಿ. ಮಂಗಳೂರಿನಲ್ಲಿ 18 ತೋರಿಸಿದ ಗಾಡಿ 3,000 ಅಡಿ ಮೇಲಿನ ಬೆಂಗಳೂರಿನಲ್ಲಿ 15 ತೋರಿಸಿದರೆ ಗಾಬರಿ ಬೇಡ. ಮುಳ್ಳು ಅದಕ್ಕಿಂತ ಕೆಳಗೆ ಅಲುಗದೆ ನಿಂತರೆ ಏರ್ ಲೀಕ್ ಅಥವಾ ಪ್ಲಗ್ ಕಿಡಿಯ ಟೈಮಿಂಗ್ ಹಿಂದೆ ಬಿದ್ದಿರುವುದು. ತಾಳಬದ್ಧವಾಗಿ ಕುಸಿದು ಏರುತ್ತಿದ್ದರೆ ವಾಲ್ವ್ ಅನುಮಾನಿಸಿ.

ಇನ್ನು ಹುಡುಕಾಟ. ಮೊದಲು ಹೋಸ್‌ಗಳು, ಖರ್ಚಿಲ್ಲದ ಕೆಲಸ. ಡಿಸ್ಟ್ರಿಬ್ಯೂಟರ್‌ಗೆ ಹೋಗುವುದು, ಪಿಸಿವಿಯದು (ಎಂಜಿನ್ ಒಳಗಿನ ಹೊಗೆಯನ್ನು ಮತ್ತೆ ಮ್ಯಾನಿಫೋಲ್ಡ್‌ಗೆ ಕಳಿಸುವ ವಾಲ್ವ್), ಬ್ರೇಕ್ ಬೂಸ್ಟರ್ ಇರುವ ಮಾಡೆಲ್ ಆದರೆ ಅದರದ್ದು: ಒಂದೊಂದನ್ನೇ ಬಟ್ಟೆ ಸುತ್ತಿದ ಪ್ಲೈಯರ್‌ನಲ್ಲಿ ಹಿಸುಕಿ. ಹಿಸುಕಿದಾಗ ಎಂಜಿನ್ ಸಮವಾದರೆ ಕಳ್ಳ ಆ ದಾರಿಯಲ್ಲಿದ್ದಾನೆ. ಪಿಸಿವಿ ಹೋಸ್ ಹಿಸುಕಿದಾಗ ರೇಸ್ ತುಸು ಇಳಿಯುವುದು ಸಹಜ, ಅದನ್ನು ದೋಷವೆಂದುಕೊಳ್ಳಬೇಡಿ. ಹೋಸ್ ಬಿರಿಯುವುದು ಸಾಮಾನ್ಯವಾಗಿ ಪೈಪಿಗೆ ಸಿಕ್ಕಿಸಿದ ತುದಿಯಲ್ಲಿ, ಅದೂ ಕಣ್ಣಿಗೆ ಕಾಣದ ಕೆಳಭಾಗದಲ್ಲಿ. ಕಳಚಿ, ಬಗ್ಗಿಸಿ ನೋಡಿ. ಡಿಸ್ಟ್ರಿಬ್ಯೂಟರ್ ಹೋಸನ್ನು ಕಾರ್ಬೊರೇಟರ್ ಕಡೆಯಿಂದ ಬಿಚ್ಚಿ ಬಾಯಲ್ಲಿ ಎಳೆಯಿರಿ. ಗಾಳಿ ಬರುತ್ತಲೇ ಇದ್ದರೆ ಹೋಸ್ ಅಥವಾ ಒಳಗಿನ ಡಯಾಫ್ರಮ್ (ತೆಳು ರಬ್ಬರ್ ಪೊರೆ) ಹರಿದಿದೆ.

ಹೋಸ್‌ಗಳು ಸರಿಯಿದ್ದರೆ, ಎಂಜಿನ್ ಸ್ಲೋನಲ್ಲಿರುವಾಗ ಕಾರ್ಬೊರೇಟರ್ ಬುಡಕ್ಕೆ, ಮ್ಯಾನಿಫೋಲ್ಡ್ ಹೆಡ್‌ಗೆ ಕೂರುವ ಗೆರೆಗೆ ಸಣ್ಣ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ. ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್‌ಗೆ ಬೀಳದಿರಲಿ. ಸದ್ದು ಬದಲಾದರೆ ಜಾಗ ಸಿಕ್ಕಿತು. ಕಾರ್ಬ್ ಕ್ಲೀನರ್ ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ, ಆದರೆ ಹೊತ್ತಿಕೊಳ್ಳುವ ವಸ್ತು: ಒಂದೊಂದೇ ಸೆಕೆಂಡ್ ಹೊಡೆಯಿರಿ, ಬಿಸಿ ಎಕ್ಸಾಸ್ಟ್ ಕಡೆ ಬೇಡವೇ ಬೇಡ, ಫೈರ್ ಎಕ್ಸ್‌ಟಿಂಗ್ವಿಷರ್ ಕೈಗೆಟುಕುವಂತಿರಲಿ. ಸ್ಪ್ರೇ ಏರ್ ಕ್ಲೀನರ್ ಬಾಯಿಗೆ ಹೋದರೂ ಎಂಜಿನ್ ಸದ್ದು ಬದಲಾಗುತ್ತದೆ, ಆದ್ದರಿಂದ ಅದೇ ಜಾಗಕ್ಕೆ ಮೂರು ಸಲ ಹೊಡೆದು ಖಚಿತಪಡಿಸಿಕೊಳ್ಳಿ.

ಬುಡದಲ್ಲಿ ಲೀಕ್ ಇದ್ದರೆ ಬಹುತೇಕ ಯಾರೋ ನಟ್ ಅತಿಯಾಗಿ ಬಿಗಿದು ಮೂಲೆಗಳು ಬಾಗಿರುತ್ತವೆ. ಕಾರ್ಬೊರೇಟರ್ ಇಳಿಸಿ, ಅದರ ಕೆಳಗಿನ ಇನ್ಸುಲೇಟರ್ (ಶಾಖ ತಡೆಯುವ ದಪ್ಪ ತುಂಡು) ಮೇಲೆ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ. ಅಡಿಯಲ್ಲಿ 0.10 ಮಿ.ಮೀ. ಫೀಲರ್ ಗೇಜ್ ತೂರಿದರೆ ಬದಲಿಸಿ. ತುಸು ಬಾಗಿದ್ದರೆ ಗಾಜಿನ ಮೇಲೆ 220 ನಂಬರ್ ಎಮರಿ ಹಾಳೆ ಹಾಸಿ ಎಂಟರ ಆಕಾರದಲ್ಲಿ ಉಜ್ಜಿ. ಪ್ಯಾಕಿಂಗ್ ಎರಡೂ ಬದಿಗೆ ಹೊಸದೇ ಆಗಬೇಕು. ಸಿಲಿಕಾನ್ ಪೇಸ್ಟ್ ಬಳಿಯಬೇಡಿ: ಪೆಟ್ರೋಲ್ ತಾಗಿ ಉಬ್ಬಿ, ಚೂರುಗಳಾಗಿ ಒಳಗೆ ಹೋಗುತ್ತದೆ. ಥ್ರಾಟಲ್ ಶಾಫ್ಟನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲೊಡಲೊಡ ಅಂದರೆ ಗಾಳಿ ಅಲ್ಲಿಂದಲೂ ನುಗ್ಗುತ್ತದೆ; ಬುಷ್ ಹಾಕಿಸಬೇಕು, ಪ್ಯಾಕಿಂಗ್‌ನಿಂದ ಆಗದು.

ಮ್ಯಾನಿಫೋಲ್ಡ್ ಪ್ಯಾಕಿಂಗ್ ದೊಡ್ಡ ಕೆಲಸ. ಅದರೊಳಗೆ ಕೂಲಂಟ್ ಓಡುವುದರಿಂದ ಎಂಜಿನ್ ಆರಿದ ಮೇಲೆ ಮೊದಲು ಕೂಲಂಟ್ ಇಳಿಸಿ, ಬ್ಯಾಟರಿ ನೆಗೆಟಿವ್ ಕಳಚಿ, ಪೆಟ್ರೋಲ್ ಪೈಪಿಗೆ ಬಿರಡೆ ಹಾಕಿ. ಬಿಚ್ಚಿದ ಕೂಡಲೇ ಮೂರೂ ಪೋರ್ಟ್‌ಗೆ ಬಟ್ಟೆ ತುರುಕಿ. ಹಳೆ ಪ್ಯಾಕಿಂಗನ್ನು ಥಿನ್ನರ್ ಹಚ್ಚಿ ನೆನೆಸಿ ಬಿದಿರ ಚಕ್ಕೆಯಲ್ಲಿ ಕೆರೆಯಿರಿ. ಸ್ಕ್ರೂಡ್ರೈವರ್ ಅಲ್ಯೂಮಿನಿಯಂ ಹೆಡ್‌ಗೆ ಗೀರು ಹಾಕಿದರೆ ಆ ಗೀರೇ ಮುಂದಿನ ಲೀಕ್. ಮ್ಯಾನಿಫೋಲ್ಡ್ ಮುಖಕ್ಕೂ ಅದೇ ಸ್ಕೇಲ್ ಪರೀಕ್ಷೆ. ನಟ್‌ಗಳನ್ನು ನಡುವಿನಿಂದ ಅಂಚಿಗೆ, ಎರಡು ಸುತ್ತಿನಲ್ಲಿ, ಸುಮಾರು 20 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಸ್ಪ್ಯಾನರ್‌ಗೆ ಪೈಪ್ ತೂರಿಸಿ ಎಳೆದರೆ ಸ್ಟಡ್ ಥ್ರೆಡ್ ಸಮೇತ ಕೈಗೆ ಬರುತ್ತದೆ.

ಕೂಲಂಟ್ ತುಂಬಿ, ರೇಡಿಯೇಟರ್ ಫ್ಯಾನ್ ಒಮ್ಮೆ ಓಡಿ ನಿಲ್ಲುವವರೆಗೆ ಸ್ಟಾರ್ಟ್‌ನಲ್ಲಿಡಿ. ಸ್ಕ್ರೂ ಮುಟ್ಟುವುದು ಈಗ. ಮಿಕ್ಸ್ಚರ್ ಸ್ಕ್ರೂವನ್ನು ಎಂಜಿನ್ ಅತಿ ಸಮವಾಗಿ ಓಡುವಲ್ಲಿಗೆ ತನ್ನಿ, ಆಮೇಲೆ ಸ್ಲೋ ಸ್ಪೀಡನ್ನು 900 ಆರ್‌ಪಿಎಂ ಆಸುಪಾಸಿಗೆ ಇಳಿಸಿ. ಮರುದಿನ ಬೆಳಗ್ಗೆ ತಣ್ಣಗಿದ್ದಾಗ ನಟ್‌ಗಳನ್ನು ಇನ್ನೊಮ್ಮೆ ನೋಡಿ. ಹೊಸ ಪ್ಯಾಕಿಂಗ್ ಕೂತು ಒಂದೆರಡು ಸಡಿಲವಾಗಿರುತ್ತವೆ.