ಪಕ್ಕದ ಮನೆಗೆ ಒಂದು ಡಬ್ಬಿ
ನೆರೆಮನೆಯವರ ಜೊತೆ ಅಡುಗೆ ಹಂಚಿಕೊಳ್ಳುವ ಮನಸ್ಸಿದ್ದರೆ ಮೊದಲ ಸಲ ಕೊಡಲು ಹೋಗಬೇಡಿ, ಏನಾದರೂ ಕೇಳಲು ಹೋಗಿ. ಎದುರು ಮನೆ ಅಜ್ಜಿಗೂ ನನಗೂ ಎರಡು ವರ್ಷ ಮುಗುಳ್ನಗೆಯಷ್ಟೇ ಪರಿಚಯ. ಒಂದು ಸಂಜೆ ಒಂದು ನಿಂಬೆಹಣ್ಣು ಬೇಕಾಯಿತು, ಬಾಗಿಲು ತಟ್ಟಿದೆ. ಮೂರು ಕೊಟ್ಟರು. ಮಾರನೇ ದಿನ ನಮ್ಮಲ್ಲಿ ಹೆಚ್ಚಾಗಿದ್ದ ಟೊಮೆಟೊ ಒಯ್ದಾಗ ಅವರಿಗೆ ಸಂಕೋಚವೇ ಆಗಲಿಲ್ಲ, ಮೊದಲು ಕೊಟ್ಟವರು ಅವರೇ ಅಲ್ಲವೇ?

ಶುರುವಿಗೆ ತರಕಾರಿ, ಹಣ್ಣು, ಒಡೆಯದ ಪ್ಯಾಕೆಟ್ಟು ಸಾಕು. ಬೇಯಿಸಿದ್ದು ಸ್ವಲ್ಪ ಸಲುಗೆ ಬೆಳೆದ ಮೇಲೆ. ಅದನ್ನೂ ನೀವು ಬಡಿಸಿಕೊಳ್ಳುವ ಮೊದಲೇ ಶುಚಿಯಾದ ಸೌಟಿನಲ್ಲಿ ಡಬ್ಬಿಗೆ ತೆಗೆದಿಡಿ. ಉಂಡು ಮಿಕ್ಕಿದ್ದನ್ನು ಕೊಡುವುದು ಬೇರೆ, ಅವರಿಗೆಂದೇ ಎತ್ತಿಟ್ಟು ಕೊಡುವುದು ಬೇರೆ. ಡಬ್ಬಿ ಕೈಗೆ ಬಂದ ಕೂಡಲೇ ಅದು ಗೊತ್ತಾಗುತ್ತದೆ.

ಇಲ್ಲಿ ಒಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು: ಹೊತ್ತು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಹಾಗಾಗಿ ಬೇಯಿಸಿದ ಯಾವುದನ್ನೂ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಅನ್ನದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ, ಬೆಚ್ಚಗಿನ ಅನ್ನದಲ್ಲಿ ಮತ್ತೆ ಚಿಗುರಿ ವಿಷ ಉಂಟುಮಾಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನ ಹೆಚ್ಚಾಗಿದೆ ಅನ್ನಿಸಿದ ತಕ್ಷಣ ಅಗಲವಾದ ತಟ್ಟೆಗೆ ಹರಡಿ ಆರಿಸಿ, ಡಬ್ಬಿಗೆ ಹಾಕಿ ಫ್ರಿಜ್ಜಿಗಿಡಿ. ಮುಚ್ಚಳಕ್ಕೆ ಕಾಗದದ ಟೇಪು ಅಂಟಿಸಿ ನಾನು ಬರೆಯುವುದು ಇಷ್ಟೇ: "ಅನ್ನ, ಮಧ್ಯಾಹ್ನ 12.30". ರಾತ್ರಿಯವರೆಗೆ ಮೇಜಿನ ಮೇಲೇ ಉಳಿದಿದ್ದನ್ನು ಕೊಡಲು ಹೋಗಬೇಡಿ, ಎಷ್ಟೇ ಹೊಟ್ಟೆ ಉರಿದರೂ ಚೆಲ್ಲಿಬಿಡಿ.

ಟೇಪಿನ ಮೇಲೆ ಎರಡನೇ ಸಾಲು ಸೇರಿದ್ದು ಒಂದು ತಪ್ಪಿನಿಂದ. ಕಡಲೆಕಾಯಿ ಪುಡಿ ಹಾಕಿದ ಪಲ್ಯವನ್ನು ಕೆಳಗಿನ ಮನೆಗೆ ಕೊಟ್ಟಿದ್ದೆ. ಅವರ ಮಗುವಿಗೆ ಕಡಲೆಕಾಯಿ ಆಗುವುದಿಲ್ಲವಂತೆ. ಪುಣ್ಯಕ್ಕೆ ತಾಯಿ ತಿನ್ನಿಸುವ ಮೊದಲು ಮೇಲೆ ಬಂದು ಕೇಳಿದರು. ನನ್ನ ಕೈಕಾಲು ತಣ್ಣಗಾಗಿತ್ತು. ಆಮೇಲೆ ಕಡಲೆಕಾಯಿ, ಎಳ್ಳು, ಹಾಲು, ಮೊಟ್ಟೆ, ಗೋಧಿ ಏನೇ ಹಾಕಿದ್ದರೂ ಬರೆಯದೆ ಡಬ್ಬಿ ಹೊರಗೆ ಹೋಗುವುದಿಲ್ಲ.

ಕಳೆದರೂ ಬೇಸರವಾಗದ ಡಬ್ಬಿಯಲ್ಲೇ ಕೊಡಿ. "ಖಾಲಿ ಡಬ್ಬಿಯನ್ನೇ ಬಾಗಿಲ ಹತ್ತಿರ ಇಟ್ಟುಬಿಡಿ" ಅಂತ ಕೊಡುವಾಗಲೇ ಹೇಳಿ, ಇಲ್ಲದಿದ್ದರೆ ಏನು ತುಂಬಿಸಿ ಕೊಡಲಿ ಅನ್ನುವ ಚಿಂತೆ ಅವರಿಗೆ ಹತ್ತುತ್ತದೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಪೋಲಾದ 105 ಕೋಟಿ ಟನ್ ಆಹಾರದಲ್ಲಿ ಶೇ. 60ರಷ್ಟು ಮನೆಗಳದ್ದೇ. ಅದನ್ನು ಓದಿದ ದಿನ ನನ್ನ ಕಸದ ಬುಟ್ಟಿಯ ಮುಚ್ಚಳ ತೆಗೆದು ನೋಡಿದ್ದೆ: ಬಾಡಿದ ಸೊಪ್ಪಿನ ಕಟ್ಟು, ಅರ್ಧ ಬ್ರೆಡ್ಡು. ಹಿಂದಿನ ದಿನವೇ ಯಾರದಾದರೂ ಅಡುಗೆಮನೆಗೆ ಹೋಗಬಹುದಿತ್ತು. ಈಗ ನಾವು ಆರು ಮನೆಯವರು ವಾಟ್ಸಾಪಿನಲ್ಲಿ ಫೋಟೊ ಹಾಕುತ್ತೇವೆ, ಮೊದಲು ಕೇಳಿದವರಿಗೆ.

ಯಾರಾದರೂ ಬೇಡ ಅಂದರೆ ಕಾರಣ ಕೇಳಬೇಡಿ, ಮುಂದಿನ ಸಲವೂ ಹೇಳುವುದನ್ನು ಬಿಡಬೇಡಿ. ಮೂರನೇ ಮಹಡಿಯವರು ಒಂದು ವರ್ಷ ಏನನ್ನೂ ತೆಗೆದುಕೊಂಡಿರಲಿಲ್ಲ. ಹೋದ ವಾರ ಅವರೇ ಬಾಗಿಲು ತಟ್ಟಿದರು. ಎರಡು ಮೊಟ್ಟೆ ಇದೆಯಾ ಅಂತ ಕೇಳಿದರು.