ಸ್ನಾನದ ಕೋಣೆಯಿಂದ ಗೋಡೆಗೆ ಇಳಿಯುತ್ತಿದ್ದ ನೀರು ನಿಂತದ್ದು ಹೀಗೆ

ಬೆಂಗಳೂರಿನಲ್ಲಿ ನಮ್ಮ ಕುಟುಂಬ ಕಟ್ಟಿಸಿದ ಹೊಸ ಮನೆಯಲ್ಲಿ, ಮಹಡಿಯ ಸ್ನಾನದ ಕೋಣೆಗೆ ತಾಗಿದ ಮಲಗುವ ಕೋಣೆಯ ಗೋಡೆಯ ಬುಡ ಬೇಸಿಗೆಯಲ್ಲೂ ತೇವವಾಗಿದ್ದು, ಬಣ್ಣ ಗುಳ್ಳೆಯೆದ್ದು ಪುಟ್ಟಿ ಉದುರುತ್ತಿತ್ತು. ತೇವನಿರೋಧಕ ಬಣ್ಣ ಬಳಿಸಿದರೂ, ಟೈಲ್ಸ್ ಸಂದುಗಳಿಗೆ ಎಪಾಕ್ಸಿ ಗ್ರೌಟ್ ತುಂಬಿಸಿದರೂ ಫಲ ಕಾಣಲಿಲ್ಲ. ಕೊಳವೆಗಳ ಒತ್ತಡ ಪರೀಕ್ಷೆಯಲ್ಲಿ ಸೋರಿಕೆಯೂ ಇರಲಿಲ್ಲ.

ನೆಲವನ್ನು ಒಡೆಸಿದಾಗ ಸಂಕನ್ ಸ್ಲ್ಯಾಬಿಗೆ, ಅಂದರೆ ಕೊಳವೆಗಳು ಹಾಯಲೆಂದು ತಗ್ಗಿಸಿ ಹಾಕಿದ ಕಾಂಕ್ರೀಟ್ ನೆಲಕ್ಕೆ, ತುಂಬಿದ್ದ ಇಟ್ಟಿಗೆ ಚೂರುಗಳ ನಡುವೆ ನೀರು ನಿಂತಿತ್ತು. ನೀರನ್ನು ತಡೆಯಬೇಕಾದದ್ದು ಟೈಲ್ಸ್ ಅಲ್ಲ, ಅದರ ಕೆಳಗಿನ ಲೇಪನ. ಅದನ್ನು ಗೋಡೆಯ ಮೇಲಕ್ಕೆ ಹತ್ತಿಸಿರಲೇ ಇಲ್ಲ.

ಸ್ಲ್ಯಾಬನ್ನು ಬರಿದು ಮಾಡಿ ಒಣಗಿಸಿ, ಒಳಗೆ ಸೇರಿದ ನೀರು ಹೊರಹೋಗಲು ತಗ್ಗಿನ ಮೂಲೆಯಿಂದ ಹೊರಗೋಡೆಗೆ ಸಣ್ಣದೊಂದು ಕೊಳವೆ ಇರಿಸಿ, ಕೊಳವೆಗಳು ಹಾಯುವ ತೂತುಗಳ ಸುತ್ತ ಕುಗ್ಗದ ಗ್ರೌಟ್ ತುಂಬಿಸಿ, ಗೋಡೆಯೂ ಸ್ಲ್ಯಾಬೂ ಕೂಡುವ ಮೂಲೆಯನ್ನು ಗಾರೆಯಿಂದ ದುಂಡಗಾಗಿಸಿದೆವು. ಬಳಿಕ ಪಾಲಿಮರ್ ಸಿಮೆಂಟ್ ಲೇಪನವನ್ನು ಒಮ್ಮೆ ಉದ್ದಕ್ಕೆ, ಅದು ಒಣಗಿದ ಮೇಲೆ ಮತ್ತೊಮ್ಮೆ ಅಡ್ಡಕ್ಕೆ, ಸಿದ್ಧ ನೆಲಮಟ್ಟಕ್ಕಿಂತ ಒಂದು ಅಡಿ ಮೇಲಿನವರೆಗೆ, ಶವರ್ ಬದಿಯಲ್ಲಿ ಆರು ಅಡಿಯವರೆಗೆ ಬಳಿಸಿದೆವು. ಲೇಪನ ಗಟ್ಟಿಯಾದ ಮೇಲೆ ಕೊಳವೆಗಳ ಬಾಯಿ ಮುಚ್ಚಿ, 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಚಾವಣಿ ಒಣಗಿರುವುದನ್ನು ಕಂಡ ನಂತರವೇ ಟೈಲ್ಸ್ ಹಾಕಿಸಿದೆವು. ಈ ಪರೀಕ್ಷೆಯನ್ನು ಟೈಲ್ಸ್ ಹಾಕಿದ ಮೇಲೆ ಮಾಡೋಣವೆಂದು ಮೇಸ್ತ್ರಿ ಹೇಳಿದರೆ ಒಪ್ಪಬಾರದು. ಮಲಗುವ ಕೋಣೆಯ ಹಾಳಾದ ಗಾರೆಯನ್ನು ಕೆತ್ತಿಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಹೊಸ ಗಾರೆ, ಪುಟ್ಟಿ, ಬಣ್ಣ ಮಾಡಿಸಿದೆವು.