ಪಿಕಪ್‌ನ ಹಿಂದಿನ ಶಾಕ್ ಅಬ್ಸಾರ್ಬರ್: ನಟ್ ಬಿಚ್ಚುವುದೇ ಮುಕ್ಕಾಲು ಕೆಲಸ

ಪಿಕಪ್ ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರ್‌ಗಳನ್ನು ಮನೆಯಂಗಳದಲ್ಲೇ ಬದಲಿಸಬಹುದು. ಎರಡೂ ಬದಿ ಸೇರಿದರೆ ಬಿಚ್ಚಬೇಕಾದದ್ದು ನಾಲ್ಕು ನಟ್. ಹೀಗಿದ್ದೂ ಬೆಳಿಗ್ಗೆ ಹುರುಪಿನಿಂದ ಗಾಡಿಯ ಕೆಳಗೆ ತೂರಿದವರು ಸಂಜೆ ವೆಲ್ಡಿಂಗ್ ಅಂಗಡಿಯವರನ್ನು ಹುಡುಕಿಕೊಂಡು ಹೊರಡುವುದನ್ನು ಬಹಳ ಸಲ ನೋಡಿದ್ದೇನೆ. ತುಕ್ಕು ಹಿಡಿದ ನಟ್‌ಗೆ ಉದ್ದನೆಯ ಪೈಪ್ ಸಿಕ್ಕಿಸಿ ಜಗ್ಗುತ್ತಾರೆ. ನಟ್ ಬರುವ ಬದಲು, ಶಾಕ್ ಸಿಕ್ಕಿಸಿರುವ ಗೂಟದಂಥ ಪಿನ್ನೇ ಮುರಿದು ಕೈಗೆ ಬರುತ್ತದೆ. ಈ ಗಂಡಾಂತರ ದಾಟಿದವರಲ್ಲೂ ಅರ್ಧ ಜನ ಕೊನೆಯಲ್ಲಿ ನಟ್ ಬಿಗಿಯುವಾಗ ತಪ್ಪುತ್ತಾರೆ. ಶಾಕ್‌ನ ತುದಿಯಲ್ಲಿ ಪಿನ್ನಿನ ಸುತ್ತ ಕೂರುವ ಹೊಸ ರಬ್ಬರ್ ಬುಷ್ ಕೆಲವೇ ತಿಂಗಳಲ್ಲಿ ಹರಿದು ಟಕಟಕ ಎನ್ನತೊಡಗುತ್ತದೆ, ಬೈಗುಳ ಮಾತ್ರ ಶಾಕ್ ತಯಾರಿಸಿದವರಿಗೆ.

ಇಲ್ಲಿ ಹೇಳುತ್ತಿರುವುದು ಮಹೀಂದ್ರಾ ಬೊಲೆರೊ ಪಿಕಪ್, ಟಾಟಾ ಏಸ್ ಮುಂತಾದ, ಹಿಂದೆ ಲೀಫ್ ಸ್ಪ್ರಿಂಗ್ ಇರುವ ಗಾಡಿಗಳ ವಿಷಯ. ಗ್ಯಾರೇಜಿನವರು ಪ್ಲೇಟ್ ಸೆಟ್ ಎನ್ನುವ ಆ ಉಕ್ಕಿನ ಪಟ್ಟಿಗಳು ಒಂದು ಕಡೆ, ಶಾಕ್ ಇನ್ನೊಂದು ಕಡೆ ಬೇರೆಬೇರೆಯಾಗಿ ಇರುವುದರಿಂದಲೇ ಇದು ಮನೆಯಲ್ಲಿ ಮಾಡಬಹುದಾದ ಕೆಲಸ. ನಿಮ್ಮ ಗಾಡಿಯ ಮುಂಭಾಗದಲ್ಲಿ ಶಾಕ್‌ನ ಸುತ್ತಲೇ ಕಾಯಿಲ್ ಸ್ಪ್ರಿಂಗ್ ಸುತ್ತಿಕೊಂಡಿದ್ದರೆ ಅದನ್ನು ಮುಟ್ಟಬೇಡಿ. ಅದುಮಿಟ್ಟ ಸ್ಪ್ರಿಂಗ್ ಚಿಮ್ಮಿದರೆ ದವಡೆ ಮುರಿಯುತ್ತದೆ. ಅದಕ್ಕೆ ಬೇಕಾದ ಸಲಕರಣೆ ಇರುವ ಗ್ಯಾರೇಜಿಗೇ ಹೋಗಿ.

ನಿಜಕ್ಕೂ ಶಾಕ್ ಹೋಗಿದೆಯೇ?

ಮೊದಲು ಒಂದು ಭ್ರಮೆ ಕಳೆದುಕೊಳ್ಳಬೇಕು. ಗಾಡಿಯ ಹೊರೆ ಹೊರುವುದು ಪ್ಲೇಟುಗಳು, ಶಾಕ್ ಅಲ್ಲ. ಹಳ್ಳಕ್ಕೆ ಇಳಿದೆದ್ದ ಪ್ಲೇಟು ಮತ್ತೆ ಮತ್ತೆ ಕುಣಿಯದಂತೆ ತಡೆಯುವುದಷ್ಟೇ ಶಾಕ್‌ನ ಕೆಲಸ. ಒಳಗಿನ ಪಿಸ್ಟನ್ನು ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ನೂಕುತ್ತದೆ, ಕುಣಿತದ ಶಕ್ತಿ ಬಿಸಿಯಾಗಿ ಹೊರಹೋಗುತ್ತದೆ. ಹಾಗಾಗಿ ಟೊಮೆಟೊ ಕ್ರೇಟ್ ತುಂಬಿದ ಕೂಡಲೇ ಗಾಡಿಯ ಹಿಂಭಾಗ ಕುಸಿಯುತ್ತಿದ್ದರೆ ಹೊಸ ಶಾಕ್ ಹಾಕಿಯೂ ಪ್ರಯೋಜನವಿಲ್ಲ. ಅಂಗಡಿಯಲ್ಲಿ ‘ಹೆವಿ ಡ್ಯೂಟಿ ಹಾಕಿಸಿ, ಇನ್ನೂ ಅರ್ಧ ಟನ್ ಹೆಚ್ಚು ಹೇರಬಹುದು’ ಎಂದರೆ ಮುಂದಿನ ಅಂಗಡಿಗೆ ನಡೆಯಿರಿ.

ಗಾಡಿಯ ಮೂಲೆಯನ್ನು ಒತ್ತಿಬಿಟ್ಟು ಎಷ್ಟು ಸಲ ಕುಣಿಯುತ್ತದೆಂದು ಎಣಿಸುವ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ. ಕಾರಿಗೆ ಅದು ಸರಿ. ಖಾಲಿ ಪಿಕಪ್‌ನಲ್ಲಿ ಪ್ಲೇಟುಗಳು ಒಂದಕ್ಕೊಂದು ಉಜ್ಜಿಕೊಂಡೇ ಕುಣಿತವನ್ನು ನಿಲ್ಲಿಸಿಬಿಡುವುದರಿಂದ ಸತ್ತ ಶಾಕ್ ಕೂಡ ಪಾಸಾಗುತ್ತದೆ. ನನಗೆ ನಂಬಿಕೆ ಇರುವುದು ಬಿಸಿ ನೋಡುವ ಪರೀಕ್ಷೆಯ ಮೇಲೆ. ಹದಗೆಟ್ಟ ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ತಕ್ಷಣ ಎರಡೂ ಶಾಕ್‌ಗಳ ಮೈ ಮುಟ್ಟಿ. ಪಕ್ಕದ ಸೈಲೆನ್ಸರ್‌ಗೆ ಕೈ ತಾಗದಂತೆ ಎಚ್ಚರ. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ. ಒಂದು ಬೆಚ್ಚಗೆ, ಇನ್ನೊಂದು ತಣ್ಣಗೆ ಇದ್ದರೆ ತಣ್ಣಗಿರುವುದು ಸತ್ತಿದೆ. ಇದರ ಜೊತೆಗೆ ಮೈಮೇಲೆ ಎಣ್ಣೆ ಧಾರೆಯಾಗಿ ಇಳಿದು ಧೂಳು ಮೆತ್ತಿಕೊಂಡಿದ್ದರೆ, ಟೈರ್ ಅಲ್ಲಲ್ಲಿ ಗುಳಿಬಿದ್ದು ಸವೆದಿದ್ದರೆ, ಖಾಲಿ ಗಾಡಿ ಉಬ್ಬುತಗ್ಗಿನ ತಿರುವಿನಲ್ಲಿ ಹಿಂದಿನಿಂದ ಪಕ್ಕಕ್ಕೆ ಜಾರುತ್ತಿದ್ದರೆ ಅನುಮಾನವೇ ಬೇಡ. ಎಣ್ಣೆ ಹೊರಬಾರದಂತೆ ತಡೆಯುವ ಸೀಲ್ ಬಳಿ ಬರೀ ತೇವದಂತೆ ಕಾಣುವ ಎಣ್ಣೆಪಸೆ ಸೋರಿಕೆಯಲ್ಲ.

ಕೊಳ್ಳುವಾಗ

ಒಂದೇ ಹೋಗಿದ್ದರೂ ಎರಡನ್ನೂ ಬದಲಿಸಿ. ಗಾಡಿಯ ಮಾದರಿ ಮತ್ತು ತಯಾರಾದ ವರ್ಷ ಹೇಳಿ ಕೊಳ್ಳಿ. ಅಳತೆಗೆ ಹಳೆಯದನ್ನೇ ಬಿಚ್ಚಿಕೊಂಡು ಹೋಗಲು ಆಗದಿದ್ದರೆ ಶಾಕ್‌ನ ತುದಿಗಳಲ್ಲಿ ಪಿನ್ ತೂರುವ ಉಂಗುರಕ್ಕೆ ಕಣ್ಣು ಎನ್ನುತ್ತಾರೆ, ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣಿಗಿರುವ ದೂರವನ್ನಾದರೂ ಅಳೆದುಕೊಳ್ಳಿ. ಮೊದಲಿನ ಮಾಲೀಕರು ಹೆಚ್ಚುವರಿ ಪ್ಲೇಟ್ ಹಾಕಿಸಿ ಗಾಡಿ ಎತ್ತರಿಸಿದ್ದರೆ ಕಂಪನಿ ಅಳತೆಯ ಶಾಕ್ ಹಳ್ಳದಲ್ಲಿ ಪೂರ್ತಿ ಎಳೆದುಕೊಂಡು ಒಳಗೇ ಕಿತ್ತುಹೋಗಬಹುದು. ಅಂಥ ಗಾಡಿಯ ಪ್ಲೇಟನ್ನು ಮೊದಲು ಮೂಲಸ್ಥಿತಿಗೆ ತನ್ನಿ ಎನ್ನುವುದೇ ನನ್ನ ಸಲಹೆ.

ಇನ್ನೊಂದು ಮಾತು ರೀಕಂಡೀಷನ್ ಶಾಕ್ ಬಗ್ಗೆ. ಗುಜರಿಗೆ ಬಂದ ಹಳೆಯದನ್ನು ತೂತು ಕೊರೆದು, ಯಾವುದೋ ಎಣ್ಣೆ ತುಂಬಿ, ವೆಲ್ಡ್ ಮಾಡಿ, ಕಪ್ಪು ಬಣ್ಣ ಹೊಡೆದು ಅರ್ಧ ಬೆಲೆಗೆ ಮಾರುತ್ತಾರೆ. ಸೀಲೂ ಹಳೆಯದೇ, ವಾಲ್ವೂ ಹಳೆಯದೇ. ಒಂದು ಮಳೆಗಾಲ ಬಾಳಿದರೆ ನಿಮ್ಮ ಪುಣ್ಯ. ಬಣ್ಣದ ಮೇಲೆ ಬೆರಳಾಡಿಸಿ ನೋಡಿ, ವೆಲ್ಡಿಂಗ್ ಗಂಟು ತಾಗುತ್ತದೆ. ಹೆಸರಾಂತ ಕಂಪನಿಯ ಡಬ್ಬಿಯೊಳಗೂ ಇಂಥವು ಬರುವುದುಂಟು. ಬಿಲ್ ಕೊಡಲು ಹಿಂಜರಿಯುವ ಅಂಗಡಿಯಲ್ಲಿ ಕೊಳ್ಳಬೇಡಿ. ಶಾಕ್ ಜೊತೆಗೆ ಹೊಸ ನಟ್, ವಾಷರ್ ಕೂಡ ತನ್ನಿ. ಒಳಗೆ ನೈಲಾನ್ ಬಳೆ ಇರುವ ನಟ್ ಒಮ್ಮೆ ಬಿಚ್ಚಿದರೆ ಮುಗಿಯಿತು, ಎರಡನೇ ಸಲ ಅದು ಹಿಡಿತ ಕೊಡುವುದಿಲ್ಲ.

ಹಿಂದಿನ ದಿನ

ಗಾಡಿಗೆ ವಾಟರ್ ಸರ್ವಿಸ್ ಮಾಡಿಸಿ, ಕೆಳಭಾಗದ ಕೆಸರು ಪೂರ್ತಿ ಹೋಗಲಿ. ತಂತಿ ಬ್ರಷ್‌ನಿಂದ ನಟ್‌ನಾಚೆ ಹೊರಚಾಚಿರುವ ಮರೆಯನ್ನು (ಪಿನ್ನಿನ ಥ್ರೆಡ್) ಲೋಹ ಕಾಣುವತನಕ ಉಜ್ಜಿ. ಈ ಉಜ್ಜುವ ಕೆಲಸವನ್ನು ಬಿಡುವವರೇ ಹೆಚ್ಚು. ನಟ್ ಮೊದಲ ಅರ್ಧ ಸುತ್ತು ಸಲೀಸಾಗಿ ಬಂದು, ಹೊರಗಿನ ತುಕ್ಕಿನ ಮರೆಗೆ ಹತ್ತಿದಾಗ ಕಚ್ಚಿಕೊಳ್ಳುವುದು ಅದಕ್ಕೇ. ಆಮೇಲೆ ತುಕ್ಕು ಬಿಡಿಸುವ ಸ್ಪ್ರೇಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಲಗುವ ಮುನ್ನ ಒಮ್ಮೆ ಹೊಡೆಯಿರಿ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ಓಡಿದ ಗಾಡಿಗೆ ಇನ್ನೊಂದು ದಿನ ಕೊಟ್ಟರೂ ನಷ್ಟವಿಲ್ಲ. ಸ್ಪ್ರೇ ಹೊಡೆದು ಹತ್ತು ನಿಮಿಷಕ್ಕೆ ಸ್ಪ್ಯಾನರ್ ಹಿಡಿಯುವವರಿಗೆ ಆ ಸ್ಪ್ರೇಯ ದುಡ್ಡೂ ದಂಡ.

ಗಾಡಿ ನಿಲ್ಲಿಸುವುದು

ನಾನು ಹಿಂದಿನ ಶಾಕ್‌ಗೆ ಜ್ಯಾಕ್ ಹಾಕುವುದೇ ಇಲ್ಲ. ಹೆಚ್ಚಿನ ಪಿಕಪ್‌ಗಳ ಕೆಳಗೆ ಮಲಗಿ ಕೆಲಸ ಮಾಡುವಷ್ಟು ಜಾಗ ಇದ್ದೇ ಇರುತ್ತದೆ, ಚಕ್ರ ಬಿಚ್ಚುವ ಅಗತ್ಯವೂ ಬರುವುದಿಲ್ಲ. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ಮೊದಲ ಗೇರ್, ಚಕ್ರಗಳ ಹಿಂದೆಮುಂದೆ ಮರದ ತುಂಡು. ಇಷ್ಟೇ. ಎತ್ತಲೇಬೇಕಾದರೆ ಆಕ್ಸಲ್‌ಗೆ ಜ್ಯಾಕ್ ಕೊಟ್ಟು, ಆಕ್ಸಲ್ ಕೆಳಗೇ ಸ್ಟ್ಯಾಂಡ್ ಇಡಿ. ಚಾಸಿಯನ್ನು ಎತ್ತಿದರೆ ಶಾಕ್ ಬಿಚ್ಚಿದೊಡನೆ ಆಕ್ಸಲ್ ಕೆಳಗೆ ಜೋತುಬಿದ್ದು ಬ್ರೇಕ್ ಹೋಸನ್ನು ಜಗ್ಗುತ್ತದೆ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಸಿಮೆಂಟ್ ಇಟ್ಟಿಗೆ ಸ್ಟ್ಯಾಂಡ್ ಅಲ್ಲ, ಅದು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ.

ನಟ್ ಬಿಚ್ಚುವುದು

ಈಗ ಅಸಲಿ ಕೆಲಸ. ಮೇಲಿನ ಪಿನ್ ಹೆಚ್ಚಾಗಿ ಚಾಸಿಯ ಬ್ರಾಕೆಟ್‌ಗೆ ಬೆಸೆದುಕೊಂಡಿರುತ್ತದೆ, ಕೆಳಗಿನದು ಪ್ಲೇಟ್ ಸೆಟ್ಟನ್ನು ಆಕ್ಸಲ್‌ಗೆ ಬಿಗಿದಿಡುವ ಯು ಬೋಲ್ಟ್‌ಗಳ ತಗಡಿನಲ್ಲಿರುತ್ತದೆ. ಶಾಕ್ ಹೇಗೂ ಎಸೆಯುವ ವಸ್ತು, ಉಳಿಸಬೇಕಾದದ್ದು ಪಿನ್. ಇದು ತಲೆಯಲ್ಲಿದ್ದರೆ ತಪ್ಪುಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಆರು ಮೂಲೆಯ ಸಾಕೆಟ್ ಬಳಸಿ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಸವೆದ ನಟ್‌ನ ಮೂಲೆಗಳನ್ನು ಉರುಟು ಮಾಡುತ್ತದೆ, ಅಡ್ಜಸ್ಟಬಲ್ ಸ್ಪ್ಯಾನರ್ ಅಂತೂ ಮೊದಲ ಎಳೆತಕ್ಕೇ ಕೆಡಿಸುತ್ತದೆ. ಸಾಕೆಟ್ ಹಾಕುವ ಮುನ್ನ ನಟ್‌ನ ಒಂದು ಬದಿಗೆ ಭಾರವಾದ ಸುತ್ತಿಗೆ ಆನಿಸಿ ಹಿಡಿದು, ಎದುರು ಬದಿಗೆ ಇನ್ನೊಂದು ಸುತ್ತಿಗೆಯಿಂದ ನಾಲ್ಕಾರು ಪೆಟ್ಟು ಕೊಡಿ. ಪ್ರತಿ ಬದಿಗೂ ಹೀಗೇ. ಮರೆಯೊಳಗಿನ ತುಕ್ಕು ಪುಡಿಯಾಗಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಪಿನ್ನಿನ ತುದಿಗೆ ಮಾತ್ರ ಹೊಡೆಯಬೇಡಿ, ಮರೆ ಅರಳಿದರೆ ನಟ್ ದಾಟುವುದಿಲ್ಲ.

ಅಂಗಾತ ಮಲಗಿ ಮೇಲೆ ನೋಡುವಾಗ ಬಿಚ್ಚುವ ದಿಕ್ಕು ಗೊಂದಲವಾಗುತ್ತದೆ. ನಟ್ ನಿಮ್ಮ ಮುಖಕ್ಕೆ ನೇರವಾಗಿದೆ ಎಂದುಕೊಂಡು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿ. ಅದಕ್ಕೂ ಮುಂಚೆ ಒಂದು ಕೂದಲೆಳೆಯಷ್ಟು ಬಿಗಿಯುವ ದಿಕ್ಕಿಗೆ ಒತ್ತಿ. ‘ಟಕ್’ ಎಂದು ತುಕ್ಕಿನ ಹಿಡಿತ ಬಿಡುವುದು ಎಷ್ಟೋ ಸಲ ಆಗಲೇ. ನಂತರ ಬಿಚ್ಚುವತ್ತ ಕಾಲು ಸುತ್ತು, ಹಿಂದಕ್ಕೆ ಸ್ವಲ್ಪ, ಸ್ಪ್ರೇ, ಮತ್ತೆ ಕಾಲು ಸುತ್ತು. ಹಠಮಾರಿ ಎತ್ತನ್ನು ಗದ್ದೆಯಿಂದ ಹೊರಡಿಸುವ ಹಾಗೆ ಹಿಂದೆಮುಂದೆ ಆಡಿಸುತ್ತಲೇ ತರಬೇಕು. ಸಾಕೆಟ್‌ನ ಹಿಡಿ ಸ್ಪ್ರಿಂಗಿನಂತೆ ಮೆತ್ತಗೆ ಬಳುಕುತ್ತಾ ಬರುತ್ತಿದೆ, ಆದರೆ ನಟ್ ಜರುಗುತ್ತಿಲ್ಲ ಎಂದರೆ ಅಲ್ಲಿಗೇ ನಿಲ್ಲಿಸಿ. ತಿರುಚಿಕೊಳ್ಳುತ್ತಿರುವುದು ಪಿನ್.

ಅಲ್ಲಿಂದ ಮುಂದೆ ನಟ್‌ನ ಆಸೆ ಬಿಡಿ. ನಟ್ ಸ್ಪ್ಲಿಟರ್ ಎಂಬ ಸಣ್ಣ ಸಲಕರಣೆ ಸಿಗುತ್ತದೆ, ಅದು ನಟ್ಟನ್ನು ಸೀಳುತ್ತದೆ. ಇಲ್ಲದಿದ್ದರೆ ಹ್ಯಾಕ್ಸಾದಿಂದ ನಟ್‌ನ ಒಂದು ಚಪ್ಪಟೆ ಬದಿಯನ್ನು ಪಿನ್ನಿಗೆ ಸಮಾನಾಂತರವಾಗಿ ಕೊಯ್ಯಿರಿ. ಮರೆ ಕಾಣಿಸಲು ಇನ್ನೇನು ತೆಳುಪೊರೆ ಉಳಿದಿದೆ ಎನ್ನುವಾಗ ನಿಲ್ಲಿಸಿ, ಉಳಿಯಿಟ್ಟು ಹೊಡೆದರೆ ನಟ್ ಬಾಯಿ ಬಿಡುತ್ತದೆ. ಗ್ಯಾಸ್ ಜ್ವಾಲೆಯಿಂದ ಕೆಂಪಗೆ ಕಾಯಿಸುವ ಶಾರ್ಟ್‌ಕಟ್ ಎಲ್ಲ ಗ್ಯಾರೇಜುಗಳಲ್ಲೂ ಇದೆ. ಮನೆಯಲ್ಲಿ ಬೇಡವೇ ಬೇಡ. ಪಕ್ಕದಲ್ಲೇ ಡೀಸೆಲ್ ಟ್ಯಾಂಕ್ ಮತ್ತು ಬ್ರೇಕ್ ಪೈಪ್ ಇರುತ್ತವೆ, ಶಾಕ್ ಎಂಬುದಂತೂ ಎಣ್ಣೆ ತುಂಬಿ ಬಾಯಿ ಮುಚ್ಚಿದ ಕೊಳವೆ. ಕಾಯಿಸಿದರೆ ಸಿಡಿಯಬಹುದು.

ನಟ್ ಬಂತೆಂದು ಸಂಭ್ರಮಿಸುವ ಹೊತ್ತಿಗೆ ಶಾಕ್ ಪಿನ್ನಿನಿಂದ ಕದಲುವುದಿಲ್ಲ. ಬುಷ್‌ನೊಳಗಿನ ಕಬ್ಬಿಣದ ಬಳೆ ತುಕ್ಕಿನಿಂದ ಪಿನ್ನಿಗೆ ಅಂಟಿಕೊಂಡಿರುತ್ತದೆ. ಶಾಕ್‌ನ ಮೈ ಹಿಡಿದು ಬ್ರಾಕೆಟ್ ನಲುಗುವ ಹಾಗೆ ಅಲ್ಲಾಡಿಸಬೇಡಿ. ಕಣ್ಣಿನ ಹಿಂದೆ ಸಪಾಟಾದ ಕಬ್ಬಿಣದ ಪಟ್ಟಿ ತೂರಿಸಿ ಹೊರಗೆ ಮೀಟಿ. ರಬ್ಬರ್ ಹರಿದು ಬಳೆ ಮಾತ್ರ ಪಿನ್ನಿನಲ್ಲಿ ಉಳಿದರೆ ಒಳ್ಳೆಯದೇ ಆಯಿತು. ಅದನ್ನು ಉದ್ದಕ್ಕೆ ಸೀಳಿ, ಉಳಿಯಿಂದ ಬಿಡಿಸಿ ತೆಗೆಯುವುದು ಸುಲಭ. ಆಮೇಲೆ ಎಮರಿ ಕಾಗದದಿಂದ ಪಿನ್ ಉಜ್ಜಿ, ಹೊಸ ನಟ್ ಕೈಯಲ್ಲೇ ಕೊನೆತನಕ, ನೈಲಾನ್ ಬಳೆಯದಾದರೆ ಬಳೆ ತಾಗುವತನಕ, ಸರಾಗವಾಗಿ ಓಡುತ್ತದೆಯೇ ನೋಡಿ.

ಹೊಸದನ್ನು ಕೂರಿಸುವುದು

ಅಂಗಡಿಯಲ್ಲಿ ಅಡ್ಡ ಮಲಗಿಸಿಟ್ಟ ಶಾಕ್‌ನ ಒಳಕೊಳವೆಗೆ ಗಾಳಿ ಸೇರಿರುತ್ತದೆ. ಅದನ್ನು ಗಾಡಿಯಲ್ಲಿ ಕೂರುವ ಭಂಗಿಯಲ್ಲೇ ನೆಟ್ಟಗೆ ಹಿಡಿದು, ಒಳಗಿನ ಪಿಸ್ಟನ್ನಿಗೆ ಸೇರಿದ ಹೊಳೆಯುವ ರಾಡನ್ನು ಪೂರ್ತಿ ಎಳೆದು ಪೂರ್ತಿ ಒತ್ತುವುದನ್ನು ನಾಲ್ಕೈದು ಸಲ ಮಾಡಿ. ನಡುವೆ ಸಡಿಲವಾಗಿ ಜಾರಿದ ಅನುಭವ ನಿಲ್ಲಬೇಕು. ಎಣ್ಣೆ ತುಂಬಿದ ದಪ್ಪ ಕೊಳವೆ ಸಾಮಾನ್ಯವಾಗಿ ಕೆಳಗೆ, ಧೂಳು ತಡೆಯುವ ಕವಚ ಮೇಲೆ. ಮೈಮೇಲೆ ಬಾಣದ ಗುರುತಿದ್ದರೆ ಅದರಂತೆ. ತಲೆಕೆಳಗಾಗಿ ಹಾಕಿಕೊಂಡು ‘ಹೊಸದೂ ಕೆಲಸ ಮಾಡುವುದಿಲ್ಲ’ ಎಂದು ಅಂಗಡಿಗೆ ಹಿಂದಿರುಗುವವರಿದ್ದಾರೆ. ಗ್ಯಾಸ್ ತುಂಬಿದ ಶಾಕ್ ಆದರೆ ಅದನ್ನು ಅದುಮಿಟ್ಟ ಪಟ್ಟಿಯನ್ನು ಮೇಲಿನ ಕಣ್ಣು ಪಿನ್ನಿಗೆ ಹಾಕಿದ ಮೇಲಷ್ಟೇ ಕತ್ತರಿಸಿ. ಅದು ತಾನಾಗಿ ಉದ್ದವಾಗುತ್ತದೆ, ಬೆರಳು ಅಡ್ಡ ಇರಬಾರದು.

ಪಿನ್ನಿಗೆ ತೆಳುವಾಗಿ ತಾಮ್ರದ ಗ್ರೀಸ್ ಸವರಿ, ಮುಂದಿನ ಸಲ ಬಿಚ್ಚುವವರು ಹರಸುತ್ತಾರೆ. ರಬ್ಬರ್‌ಗೆ ಮಾತ್ರ ಗ್ರೀಸ್ ತಾಗದಿರಲಿ, ಉಬ್ಬಿ ಮೆತ್ತಗಾಗುತ್ತದೆ. ಬುಷ್ ಒಳಹೋಗಲು ತಕರಾರು ಮಾಡಿದರೆ ಸಾಬೂನು ನೀರು ಸಾಕು. ರಾಡನ್ನು ಪ್ಲೈಯರ್‌ನಿಂದ ಹಿಡಿಯಬೇಡಿ. ಹೊಳೆಯುವ ಮೈಮೇಲೆ ಒಂದು ಗೀರು ಬಿದ್ದರೂ ಸೀಲ್ ಕೊಯ್ದುಕೊಂಡು ಸೋರತೊಡಗುತ್ತದೆ.

ಬಿಗಿಯುವುದು

ಬುಷ್‌ನ ಒಳಬಳೆ ನಟ್‌ನ ಒತ್ತಡಕ್ಕೆ ಸಿಕ್ಕಿ ಅಲುಗದೆ ನಿಲ್ಲುತ್ತದೆ. ಶಾಕ್ ಮೇಲೆಕೆಳಗೆ ಹೋದಾಗ ತಿರುಚಿಕೊಳ್ಳುವುದು ನಡುವಿನ ರಬ್ಬರ್. ಆಕ್ಸಲ್ ಜೋತಾಡುತ್ತಿರುವಾಗ ನಟ್ ಬಿಗಿದರೆ, ಗಾಡಿ ನೆಲಕ್ಕೆ ಬಂದ ಕ್ಷಣದಿಂದಲೇ ಆ ರಬ್ಬರ್ ಒಂದು ಬದಿಗೆ ತಿರುಚಿಕೊಂಡೇ ಇರುತ್ತದೆ. ಹೊಸ ಬುಷ್ ಬೇಗ ಹರಿಯುವುದು ಇದರಿಂದ. ಆದ್ದರಿಂದ ಮೊದಲು ನಾಲ್ಕೂ ನಟ್‌ಗಳನ್ನು ಕೈಬಿಗಿಯಷ್ಟೇ ಮಾಡಿ. ಎತ್ತಿದ್ದ ಗಾಡಿಯಾದರೆ ಇಳಿಸಿ, ಹಿಂಭಾಗವನ್ನು ಎರಡು ಸಲ ಒತ್ತಿಬಿಟ್ಟು, ಚಕ್ರದ ಮೇಲೆ ಪೂರ್ತಿ ಭಾರ ಕೂತ ಮೇಲೆಯೇ ಕೊನೆಯ ಬಿಗಿ ಕೊಡಿ. ನಾನು ಜ್ಯಾಕ್ ಬೇಡ ಎನ್ನುವುದಕ್ಕೆ ದೊಡ್ಡ ಕಾರಣವೂ ಇದೇ. ಎಷ್ಟು ಬಿಗಿ ಎನ್ನುವುದಕ್ಕೆ ಗಾಡಿಯ ಕೈಪಿಡಿಯ ಅಂಕಿ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್. ಪೈಪ್ ಹಾಕಿ ಇಡೀ ಮೈಭಾರ ಬಿಡುವವರ ಕೈಯಲ್ಲೇ ಹೊಸ ಮರೆ ಹಾಳಾಗುವುದು. ಪಿನ್ನಿನಲ್ಲಿ ತೂತಿದ್ದರೆ ನಟ್ ಕಳಚದಂತೆ ತಡೆಯುವ ಹೊಸ ಸ್ಪ್ಲಿಟ್ ಪಿನ್ ಹಾಕಿ, ಹಳೆಯ ತಂತಿ ತುಂಡು ಬೇಡ.

ಖಾಲಿ ಗಾಡಿಯನ್ನು ಹತ್ತಿರದ ಕೆಟ್ಟ ರಸ್ತೆಯಲ್ಲಿ ಓಡಿಸಿ ತನ್ನಿ. ಬ್ರೇಕ್ ಹೋಸ್‌ಗಾಗಲಿ ಟೈರ್‌ಗಾಗಲಿ ಶಾಕ್ ತಾಗಿದ ಗುರುತಿದೆಯೇ ನೋಡಿ. ಒಂದೆರಡು ನೂರು ಕಿಲೋಮೀಟರ್ ಓಡಿದ ಮೇಲೆ ನಟ್‌ಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಿ.

ಹಳೆಯ ಶಾಕ್‌ಗಳನ್ನು ಕೊರೆಯುವುದು, ಕತ್ತರಿಸುವುದು, ಬೆಂಕಿಗೆ ಹಾಕುವುದು ಬೇಡ, ಗುಜರಿಗೆ ಕೊಡಿ. ಕೊಡುವ ಮುನ್ನ ರಾಡನ್ನು ಹೊರಗೆಳೆದು ಅದರ ಹೊಳಪಿನ ಮೇಲೆ ಗ್ರೈಂಡರ್‌ನಿಂದ ಎರಡು ಗೀರು ಹಾಕಿಬಿಡಿ. ಆಮೇಲೆ ಯಾರೂ ಅದಕ್ಕೆ ಕಪ್ಪು ಬಣ್ಣ ಹೊಡೆದು ಇನ್ನೊಬ್ಬರಿಗೆ ಮಾರಲಾರರು.